ಹಳೆ ಪಂಪ್ ಸ್ಟೌ ಸರಿಯಾಗಿ ಉರಿಯುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಬಗೆ

ವರ್ಷಗಟ್ಟಲೆ ಅಟ್ಟದಲ್ಲಿದ್ದ ಹಿತ್ತಾಳೆ ಪಂಪ್ ಸ್ಟೌ ಇಳಿಸಿ ಹಚ್ಚಿದರೆ ಉರಿಯಲಿಲ್ಲ ಅನ್ನಿ. ಗುಜರಿಗೆ ಹಾಕುವ ಅವಸರ ಬೇಡ. ಹೆಚ್ಚಿನ ಸಲ ಕೆಟ್ಟಿರುವುದು ಒಳಗಿನ ಚರ್ಮ, ರಬ್ಬರ್ ಅಥವಾ ಸೀಸದ ಒಂದು ಸಣ್ಣ ವಾಷರ್ ಅಷ್ಟೇ. ಹಿತ್ತಾಳೆಗೆ ಏನೂ ಆಗಿರುವುದಿಲ್ಲ.

ಈ ಒಲೆಯ ಮೂಲ ವಿನ್ಯಾಸ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಅವರದು. 1892ರಲ್ಲಿ ಪ್ರೈಮಸ್ ಹೆಸರಿನಲ್ಲಿ ಶುರುವಾದದ್ದು. ಆಮೇಲೆ ಆಪ್ಟಿಮಸ್, ರೇಡಿಯಸ್, ಇಂಗ್ಲೆಂಡಿನ ಮಾನಿಟರ್, ಪೋರ್ಚುಗಲ್ಲಿನ ಹಿಪೊಲಿಟೊ ಹೀಗೆ ಎಷ್ಟೋ ಕಂಪನಿಗಳು ಇದೇ ಜಾಡಿನಲ್ಲಿ ಸ್ಟೌ ಮಾಡಿದವು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್‌ಸೆನ್ ತಂಡದ ಬಳಿಯೂ, 1953ರ ಎವರೆಸ್ಟ್ ತಂಡದ ಬಳಿಯೂ ಇದ್ದದ್ದು ಪ್ರೈಮಸ್ಸೇ. ಹೆಸರು ಯಾವುದಾದರೂ ಇರಲಿ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ಪ್ರತಿಯೊಂದು ಭಾಗವನ್ನೂ ಬಿಚ್ಚಿ ಮತ್ತೆ ಹಾಕಬಹುದು. ನನಗೆ ಈ ಸ್ಟೌಗಳ ಮೇಲೆ ಪ್ರೀತಿ ಇರುವುದು ಇದಕ್ಕೇ.

## ಮೊದಲು ಇದು ಉರಿಯುವುದು ಹೇಗೆ ಅಂತ

ಪಂಪ್ ಹೊಡೆದಾಗ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಏರುತ್ತದೆ. ಆ ಒತ್ತಡ ಸೀಮೆಎಣ್ಣೆಯನ್ನು ನಡುವಿನ ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಬಿಸಿ ಬರ್ನರಿನ ಕೊಳವೆಗಳಲ್ಲಿ ಸುತ್ತಿ ಬರುವಷ್ಟರಲ್ಲಿ ಎಣ್ಣೆ ಆವಿಯಾಗುತ್ತದೆ. ಆ ಆವಿ ಬರ್ನರಿನ ನಡುವೆ ಕೂತಿರುವ ನಿಪ್ಪಲ್ ಅನ್ನುವ ಪುಟ್ಟ ಭಾಗದ ಸಣ್ಣ ತೂತಿನಿಂದ ಚಿಮ್ಮಿ, ಸುತ್ತಲ ಗಾಳಿ ಸೇರಿಸಿಕೊಂಡು, ನೀಲಿಯಾಗಿ ಉರಿಯುತ್ತದೆ. ಆ ತೂತು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುತ್ತದೆ, ಅಷ್ಟೇ. ಒಮ್ಮೆ ಹತ್ತಿದ ಮೇಲೆ ಬರ್ನರನ್ನು ಬಿಸಿಯಾಗಿಡುವುದು ಅದರದೇ ಉರಿ. ಮೊದಲ ಬಿಸಿ ಮಾತ್ರ ನಾವು ಕೊಡಬೇಕು. ಅದಕ್ಕೇ ಬರ್ನರ್ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಉರಿಸುವುದು.

ಅಂದರೆ ಇಲ್ಲಿ ಇರುವುದು ಮೂರೇ ವಿಷಯ: ಗಾಳಿ, ಎಣ್ಣೆ, ಬಿಸಿ. ದೋಷ ಹುಡುಕುವಾಗಲೂ ಇದೇ ಕ್ರಮ ಹಿಡಿಯಿರಿ. ಗಾಳಿ ನಿಲ್ಲದ ಸ್ಟೌವಿನ ಬರ್ನರ್ ಬಿಚ್ಚಿ ಕೂತರೆ ದಿನವಿಡೀ ಕೂತರೂ ಏನೂ ಸಿಗುವುದಿಲ್ಲ.

## ಕೈ ಹಾಕುವ ಮೊದಲು

ಇವು ಸುಮ್ನೆ ಹೇಳುವ ಮಾತುಗಳಲ್ಲ. ಇದು ಒತ್ತಡದಲ್ಲಿರುವ ಎಣ್ಣೆಯ ಪಾತ್ರೆ.

ಯಾವ ಭಾಗ ಬಿಚ್ಚುವುದಾದರೂ ಮೊದಲು ಉರಿ ಆರಿರಬೇಕು, ಸ್ಟೌ ಪೂರ್ತಿ ತಣ್ಣಗಾಗಿರಬೇಕು, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ ಒತ್ತಡ ಇಳಿಸಿರಬೇಕು. ಇದು ಮೂರೂ ಆಗದೆ ಸ್ಪ್ಯಾನರ್ ಮುಟ್ಟಬೇಡಿ.

ಸೀಮೆಎಣ್ಣೆ ಸ್ಟೌವಿಗೆ ಪೆಟ್ರೋಲ್ ಹಾಕಲೇಬಾರದು, ಬೆರಕೆ ಕೂಡ ಬೇಡ. ಸೀಮೆಎಣ್ಣೆಯ ಆವಿಗೆ ಕಿಡಿ ತಾಗಿ ಹತ್ತಿಕೊಳ್ಳಬೇಕಾದರೆ ಎಣ್ಣೆ ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಇರಬೇಕು. ಪೆಟ್ರೋಲಿಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಸಾಕು. ಡೀಸೆಲ್ ಹಾಕಿದರೆ ಕೊಳವೆಗಳಲ್ಲಿ ಕರಿ ಕಟ್ಟುತ್ತದೆ.

ಟ್ಯಾಂಕಿನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಎಣ್ಣೆ ತುಂಬಬೇಡಿ. ಮೇಲೆ ಗಾಳಿಗೆ ಜಾಗ ಬೇಕು. ತುಂಬಿ ತುಳುಕುವ ಹಾಗೆ ಹಾಕಿದರೆ, ಆರಿಸುವಾಗ ಸ್ಕ್ರೂವಿನಿಂದ ಗಾಳಿಯ ಜೊತೆ ಎಣ್ಣೆಯೂ ಚಿಮ್ಮುತ್ತದೆ.

ಪರೀಕ್ಷೆ ಮಾಡುವುದು ಬಯಲಲ್ಲಿ, ಸಮತಟ್ಟಾದ ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ. ಪಕ್ಕದಲ್ಲಿ ಒಣ ಮರಳು ಅಥವಾ ಪುಡಿ ಇರುವ ಅಗ್ನಿಶಾಮಕ ಇರಲಿ. ಸೀಮೆಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಎರಚಬೇಡಿ. ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿ ಇನ್ನಷ್ಟು ಹರಡುತ್ತದೆ.

ಇನ್ನೊಂದು ಮಾತು. ಕೆಲವು ಹಳೆ ಸ್ಟೌಗಳ ಸ್ಪಿರಿಟ್ ಬಟ್ಟಲಿನಲ್ಲಿ ಬಿಳಿ ನಾರಿನ ಬತ್ತಿ ಇರುತ್ತದೆ. ಅದು ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಕೆರೆಯಬೇಡಿ, ಉಜ್ಜಬೇಡಿ, ಊದಬೇಡಿ.

## ಪಂಪ್ ಹೊಡೆದರೆ ಕೈಗೆ ಏನೂ ತಡೆಯುತ್ತಿಲ್ಲ

ಹಿಡಿ ಸಲೀಸಾಗಿ ಒಳಗೆ ಹೋಗಿ ಸಲೀಸಾಗಿ ಹೊರಗೆ ಬರುತ್ತದೆ. ಹಳೆ ಸ್ಟೌಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತೊಂದರೆ ಇದು. ಎಲ್ಲಕ್ಕಿಂತ ಸುಲಭವಾಗಿ ಸರಿಹೋಗುವುದೂ ಇದೇ.

ಪಂಪಿನ ಕಡ್ಡಿಯ ತುದಿಯಲ್ಲಿ ಬಟ್ಟಲಿನ ಆಕಾರದ ಚರ್ಮದ ವಾಷರ್ ಇರುತ್ತದೆ. ವರ್ಷಗಟ್ಟಲೆ ಬಿದ್ದಿದ್ದರೆ ಅದು ಒಣಗಿ, ಕುಗ್ಗಿ, ಕೊಳವೆಯ ಗೋಡೆ ಮುಟ್ಟುವುದೇ ಇಲ್ಲ. ಪಂಪಿನ ಮುಚ್ಚಳ ತಿರುಗಿಸಿ ಕಡ್ಡಿ ಹೊರಗೆ ಎಳೆಯಿರಿ. ಚರ್ಮಕ್ಕೆ ಹೊಲಿಗೆ ಯಂತ್ರಕ್ಕೆ ಹಾಕುವಂಥ ಎಣ್ಣೆ ನಾಲ್ಕು ಹನಿ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಡಿ. ಆಮೇಲೆ ಬೆರಳಿನಿಂದ ಅಂಚನ್ನು ಮೆತ್ತಗೆ ಹೊರಕ್ಕೆ ಅಗಲಿಸಿ. ಅಡುಗೆ ಎಣ್ಣೆ ಬೇಡ. ಅದು ಕಾಲ ಕಳೆದ ಹಾಗೆ ಅಂಟಂಟಾಗುತ್ತದೆ.

ವಾಪಸ್ ಹಾಕುವಾಗ ಚರ್ಮದ ಅಂಚು ಮಡಚಿಕೊಳ್ಳದ ಹಾಗೆ, ಸ್ವಲ್ಪ ತಿರುಗಿಸುತ್ತಾ ಒಳಗೆ ಬಿಡಿ. ಬಟ್ಟಲಿನ ಬಾಯಿ ಟ್ಯಾಂಕಿನ ಕಡೆಗೆ ಇರಬೇಕು. ತಿರುಗುಮುರುಗಾದರೆ ಗಾಳಿ ಒಳಗೆ ಹೋಗುವುದೇ ಇಲ್ಲ. ಚರ್ಮ ಹರಿದಿದ್ದರೆ, ಇಲ್ಲವೇ ಒತ್ತಿದರೆ ಪುಡಿಯಾಗುವಂತಿದ್ದರೆ ಹೊಸದು ಹಾಕಿ. ನಟ್ಟು ಜೋರಾಗಿ ಬಿಗಿದಿದ್ದರೆ ಎರಡು ಹನಿ ಎಣ್ಣೆ ಬಿಟ್ಟು ಕಾಯಿರಿ. ಕಡ್ಡಿ ಬಗ್ಗಿಸಿಕೊಳ್ಳುವುದಕ್ಕಿಂತ ಒಂದು ದಿನ ತಡವಾಗುವುದು ಮೇಲು.

## ಪಂಪಿನ ಹಿಡಿ ತಾನಾಗಿಯೇ ಮೇಲೆ ಬರುತ್ತದೆ

ಒತ್ತಿ ಕೈ ಬಿಟ್ಟರೆ ಹಿಡಿ ನಿಧಾನಕ್ಕೆ ಹೊರಗೆ ಬರುತ್ತದೆ. ಅಥವಾ ಪಂಪ್ ಕೊಳವೆಯಲ್ಲಿ ಸೀಮೆಎಣ್ಣೆ ಕಾಣುತ್ತದೆ. ಇದು ಮೇಲಿನದರ ಹಾಗೆ ಹಗುರವಾಗಿ ತೆಗೆದುಕೊಳ್ಳುವ ಲಕ್ಷಣ ಅಲ್ಲ.

ಪಂಪ್ ಕೊಳವೆಯ ತಳದಲ್ಲಿ ಒಂದು ಪುಟ್ಟ ವಾಲ್ವ್ ಇದೆ. ಗಾಳಿಯನ್ನು ಟ್ಯಾಂಕಿನೊಳಗೆ ಬಿಡುತ್ತದೆ, ವಾಪಸ್ ಬರಲು ಬಿಡುವುದಿಲ್ಲ. ಅದರೊಳಗೆ ಒಂದು ಸ್ಪ್ರಿಂಗ್, ಅದರ ತುದಿಗೆ ಕಾರ್ಕ್ ಅಥವಾ ರಬ್ಬರಿನ ಬಿಲ್ಲೆ. ಆ ಬಿಲ್ಲೆ ಗಟ್ಟಿಯಾದರೆ, ಅಥವಾ ಅದರ ಮೇಲೆ ಕಸ ಕೂತರೆ, ಟ್ಯಾಂಕಿನ ಒತ್ತಡ ಪಂಪಿನ ಕಡೆಗೆ ತಿರುಗುತ್ತದೆ. ಉರಿಯುತ್ತಿರುವಾಗ ಹೀಗಾದರೆ ಪಂಪಿನ ಬಾಯಿಂದ ಎಣ್ಣೆ ಹೊರಗೆ ಬರುತ್ತದೆ, ಉರಿ ಒಂದು ಗೇಣು ದೂರದಲ್ಲೇ ಇರುತ್ತದೆ. ಹಾಗಾಗಿ ಈ ಲಕ್ಷಣ ಕಂಡರೆ ಸರಿಯಾಗುವವರೆಗೆ ಹಚ್ಚುವುದು ಬೇಡ.

ಮೊದಲು ಮಾಡಬಹುದಾದ ಖರ್ಚಿಲ್ಲದ ಕೆಲಸ: ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಗಾಳಿ ಸ್ಕ್ರೂ ತೆರೆದಿಟ್ಟು, ಹತ್ತಾರು ಸಲ ಜೋರಾಗಿ ಪಂಪ್ ಹೊಡೆಯಿರಿ. ಸಣ್ಣ ಕಸ ಸಿಕ್ಕಿಕೊಂಡಿದ್ದರೆ ಹಾರಿಹೋಗಬಹುದು. ಆಮೇಲೂ ಹಿಡಿ ಮೇಲೆ ಬರುತ್ತಿದ್ದರೆ ಬಿಲ್ಲೆ ಬದಲಿಸಲೇಬೇಕು. ಹೊಸ ಬಿಲ್ಲೆಗೆ ಸೀಮೆಎಣ್ಣೆ ತಡೆಯುವ ನೈಟ್ರೈಲ್ ಅಥವಾ ವೈಟಾನ್ ರಬ್ಬರ್ ಆಗಬೇಕು. ಸೈಕಲ್ ಟ್ಯೂಬಿನ ತುಂಡು ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ.

ಈ ವಾಲ್ವ್ ಕೊಳವೆಯ ಆಳದಲ್ಲಿ ಇರುವುದರಿಂದ ಅದನ್ನು ಬಿಚ್ಚಲು ಅದಕ್ಕೇ ಆದ ಉದ್ದನೆಯ ಕೀಲಿ ಬೇಕು. ಆ ಕೀಲಿ ಇಲ್ಲದೆ ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ಮೆತ್ತನೆ ಹಿತ್ತಾಳೆಯ ಮೂಲೆಗಳು ಸವೆದುಹೋಗುತ್ತವೆ. ಆಮೇಲೆ ಕೀಲಿ ಇದ್ದವರಿಗೂ ಅದು ಬಿಚ್ಚಲು ಬರುವುದಿಲ್ಲ. ಈ ಒಂದು ಕೆಲಸವನ್ನು ತಿಳಿದವರ ಕೈಗೆ ಕೊಡುವುದೇ ಸರಿ ಅಂತ ನನ್ನ ಅಭಿಪ್ರಾಯ.

## ಪಂಪ್ ಚೆನ್ನಾಗಿದೆ, ಆದರೆ ಒತ್ತಡ ನಿಲ್ಲುತ್ತಿಲ್ಲ

ಎಲ್ಲೋ ಸೋರುತ್ತಿದೆ. ಹುಡುಕಲು ಸೋಪಿನ ನೀರು ಸಾಕು. ಟ್ಯಾಂಕಿನಲ್ಲಿ ಎಣ್ಣೆ ಇರಬಾರದು, ಹತ್ತಿರ ಬೆಂಕಿ ಇರಬಾರದು. ಸ್ಕ್ರೂ ಮುಚ್ಚಿ ಸ್ವಲ್ಪ ಗಾಳಿ ಹಾಕಿ, ಬ್ರಷ್‌ನಿಂದ ಎಲ್ಲ ಜೋಡಣೆಗಳಿಗೂ ಸೋಪಿನ ನೊರೆ ಬಳಿಯಿರಿ.

ನಿಪ್ಪಲ್ ತುದಿಯಲ್ಲಿ ಗುಳ್ಳೆ ಬಂದೇ ಬರುತ್ತದೆ, ಗಾಬರಿ ಬೇಡ. ಈ ಜಾತಿಯ ಬಹುತೇಕ ಸ್ಟೌಗಳಲ್ಲಿ ಉರಿಯನ್ನು ನಿಲ್ಲಿಸುವ ಬೇರೆ ವಾಲ್ವ್ ಇರುವುದಿಲ್ಲ, ನಿಪ್ಪಲ್ ಸದಾ ತೆರೆದೇ ಇರುತ್ತದೆ. ಅಲ್ಲಿಂದ ಗಾಳಿ ಹೋಗುತ್ತಿರುವಾಗಲೇ ಆಗಾಗ ಪಂಪ್ ಹೊಡೆಯುತ್ತಾ ಬೇರೆ ಕಡೆ ನೋಡಬೇಕು.

ಎಣ್ಣೆ ಹಾಕುವ ಮುಚ್ಚಳದ ಸುತ್ತ ಗುಳ್ಳೆ ಬಂದರೆ ಅದರ ರಬ್ಬರ್ ವಾಷರ್ ಗಟ್ಟಿಯಾಗಿದೆ, ಬದಲಿಸಿ. ಗಾಳಿ ಸ್ಕ್ರೂವಿನ ತುದಿಯಲ್ಲಿ ಬಂದರೆ ತುದಿ ಮತ್ತು ಅದು ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ ಮತ್ತೆ ನೋಡಿ. ಬರ್ನರ್ ಕೂತಿರುವ ಬುಡದಲ್ಲಿ ಬಂದರೆ ಅಲ್ಲಿನ ಸೀಸದ ವಾಷರ್ ಹೋಗಿದೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಟ್ಯಾಂಕಿನ ಮೈಯಲ್ಲೇ, ಬೆಸುಗೆಯಲ್ಲಿ ಅಥವಾ ಹಿತ್ತಾಳೆಯ ಬಿರುಕಿನಲ್ಲಿ ಗುಳ್ಳೆ ಬಂದರೆ ಅಲ್ಲಿಗೆ ನಿಲ್ಲಿಸಿ. ಎಂ-ಸೀಲ್ ಮೆತ್ತುವುದು, ಅಂಟು ಹಚ್ಚುವುದು ಇಲ್ಲಿ ನಡೆಯುವುದಿಲ್ಲ. ಬಿಸಿ ಮತ್ತು ಒತ್ತಡ ಎರಡೂ ಇರುವ ಜಾಗ ಅದು.

## ಹಚ್ಚಿದ ಕೂಡಲೇ ಹಳದಿ ಉರಿ ಭಗ್ ಅಂತ ಏಳುತ್ತದೆ

ನೋಡಲು ಭಯ ಹುಟ್ಟಿಸುವ ಲಕ್ಷಣ. ಆದರೆ ಇದರಲ್ಲಿ ಸ್ಟೌವಿನ ತಪ್ಪು ಇರುವುದು ಅಪರೂಪ. ಬರ್ನರ್ ಸಾಕಷ್ಟು ಬಿಸಿಯಾಗಿಲ್ಲ, ಅಷ್ಟೇ. ಆವಿ ಬರಬೇಕಾದ ಜಾಗದಲ್ಲಿ ಹಸಿ ಎಣ್ಣೆ ಚಿಮ್ಮುತ್ತಿದೆ.

ತಕ್ಷಣ ಗಾಳಿ ಸ್ಕ್ರೂ ಸಡಿಲಿಸಿ. ಒತ್ತಡ ಇಳಿದರೆ ಎಣ್ಣೆ ಬರುವುದು ನಿಲ್ಲುತ್ತದೆ, ಉರಿ ತಾನಾಗಿ ಕುಗ್ಗುತ್ತದೆ. ಮೇಲಕ್ಕೆ ಬಗ್ಗಿ ಊದಲು ಹೋಗಬೇಡಿ. ಸ್ಕ್ರೂವಿಗೆ ಕೈ ಹಾಕಲಾಗದಷ್ಟು ಉರಿ ಎದ್ದಿದ್ದರೆ ದೂರ ಸರಿದು ಮರಳು ಅಥವಾ ಅಗ್ನಿಶಾಮಕ ಬಳಸಿ.

ಸರಿಯಾದ ಕ್ರಮ ಹೀಗೆ. ಗಾಳಿ ಸ್ಕ್ರೂ ತೆರೆದಿರಲಿ. ಬಟ್ಟಲಿಗೆ ಸ್ಪಿರಿಟ್ ತುಂಬಿ ಹಚ್ಚಿ. ಅದು ಪೂರ್ತಿ ಉರಿದು ಮುಗಿಯುತ್ತಾ ಬಂದಾಗ, ಇನ್ನೂ ಸ್ವಲ್ಪ ಜ್ವಾಲೆ ಇರುವಾಗಲೇ, ಸ್ಕ್ರೂ ಮುಚ್ಚಿ ಎರಡು ಮೂರು ಸಲ ಮೆಲ್ಲಗೆ ಪಂಪ್ ಹೊಡೆಯಿರಿ. ನೀಲಿ ಉರಿ ಹಿಡಿದ ಮೇಲೆ ಉಳಿದ ಗಾಳಿ. ತಣ್ಣನೆ ಸ್ಟೌವಿಗೆ ಮೊದಲೇ ಗಾಳಿ ತುಂಬಿಟ್ಟರೆ ಎಣ್ಣೆ ಬಟ್ಟಲಿಗೆ ಇಳಿದು ಸ್ಪಿರಿಟ್ ಜೊತೆ ಸೇರುತ್ತದೆ. ಭಗ್ ಅನ್ನುವುದು ಆಗಲೇ.

ಗಾಳಿ ಬೀಸುವ ಜಾಗದಲ್ಲಿ ಒಂದು ಬಟ್ಟಲು ಸ್ಪಿರಿಟ್ ಸಾಲದೆ ಹೋಗಬಹುದು. ಆಗ ಪೂರ್ತಿ ಆರಿ, ಬಟ್ಟಲು ತಣ್ಣಗಾದ ಮೇಲೆ ಇನ್ನೊಮ್ಮೆ ಹಾಕಿ. ಸ್ಪಿರಿಟ್ಟಿನ ಉರಿ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಬಾಟಲಿಯಿಂದ ಸುರಿದರೆ ಬೆಂಕಿ ಬಾಟಲಿಗೇ ಏರುತ್ತದೆ.

## ಉರಿ ಸಣ್ಣಗಿದೆ, ಪಂಪ್ ಹೊಡೆದರೂ ಏಳುತ್ತಿಲ್ಲ

ನಿಪ್ಪಲ್ ಕಟ್ಟಿದೆ. ಸ್ಟೌ ಪಿನ್ ಇರುವುದೇ ಇದಕ್ಕೆ. ಆರಿಸಿ, ಒತ್ತಡ ಇಳಿಸಿ, ತಣ್ಣಗಾದ ಮೇಲೆ ಪಿನ್ನನ್ನು ನೇರವಾಗಿ ಇಳಿಸಿ ನೇರವಾಗಿ ತೆಗೆಯಿರಿ. ಉರಿಯುತ್ತಿರುವಾಗಲೇ ಪಿನ್ ಹಾಕುವವರೂ ಇದ್ದಾರೆ. ಪಿನ್ ಒಳಗೇ ಮುರಿದರೆ ಬಿಸಿ ಸ್ಟೌ ಮುಂದೆ ಏನು ಮಾಡುತ್ತೀರಿ? ಪಿನ್ ಬದಲು ಹೊಲಿಗೆ ಸೂಜಿ ಹಾಕುವುದಂತೂ ಬೇಡವೇ ಬೇಡ. ಸೂಜಿ ದಪ್ಪ, ತೂತು ದೊಡ್ಡದಾಗುತ್ತದೆ.

ಪಿನ್ ಹಾಕಿದ ಮೇಲೂ ಉರಿ ಮಂದವಾಗಿದ್ದರೆ ಎಣ್ಣೆ ನೋಡಿ. ಹಳದಿ ತಿರುಗಿದ, ಹುಳಿ ವಾಸನೆಯ ಹಳೆ ಸೀಮೆಎಣ್ಣೆ ಇದ್ದರೆ ತೆಗೆದುಹಾಕಿ, ಹೊಸದನ್ನು ಸಣ್ಣ ಜರಡಿ ಇರುವ ಲಾಳಿಕೆಯಲ್ಲಿ ಸೋಸಿ ಹಾಕಿ.

ಇವೆರಡೂ ಸರಿಯಿದ್ದರೆ ಬರ್ನರ್ ಕೊಳವೆಗಳ ಒಳಗೆ ಕರಿ ಕಟ್ಟಿದೆ ಅಂತ ಅರ್ಥ. ಹಳೆ ಸ್ಟೌ ಸಂಗ್ರಹಿಸುವವರು ಬರ್ನರ್ ಮಾತ್ರ ಬಿಚ್ಚಿ, ನಿಪ್ಪಲ್ ತೆಗೆದು, ಮಂದ ಕೆಂಪು ಬಣ್ಣಕ್ಕೆ ಬರುವವರೆಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಕರಿ ಸಿಡಿದು ಚಕ್ಕೆಯಾಗಿ ಬರುತ್ತದೆ. ಕೆಲಸ ಮಾಡುತ್ತದೆ ನಿಜ, ಆದರೆ ಇದು ಕೈ ಪಳಗಿದವರ ಕೆಲಸ. ಒಳಗೆ ಎಣ್ಣೆ ಉಳಿದಿದ್ದರೆ ಹೊತ್ತಿಕೊಳ್ಳುತ್ತದೆ, ಜಾಸ್ತಿ ಕಾಯಿಸಿದರೆ ಬೆಸುಗೆ ಬಿಡುತ್ತದೆ.

## ಚೆನ್ನಾಗಿ ಬಿಸಿಯಾದ ಮೇಲೂ ಹಳದಿ ಉರಿ, ಪಾತ್ರೆಗೆ ಮಸಿ

ಹಚ್ಚುವಾಗ ಸ್ವಲ್ಪ ಹಳದಿ ಬಂದು ಹೋಗುವುದು ಬೇರೆ. ಐದು ನಿಮಿಷ ಉರಿದ ಮೇಲೂ ಹಳದಿ ನಿಂತಿದ್ದರೆ ಆವಿಗೆ ಬೇಕಾದಷ್ಟು ಗಾಳಿ ಸೇರುತ್ತಿಲ್ಲ.

ಮೊದಲು ಬರ್ನರಿನ ಮೇಲಿನ ತಟ್ಟೆ ಅಥವಾ ಟೋಪಿ ನೋಡಿ. ಭೋರ್ ಅಂತ ಸದ್ದು ಮಾಡುವ ಜಾತಿಯಲ್ಲಿ ಒಂದು ಬಿಲ್ಲೆಯಂಥ ತಟ್ಟೆ ಇರುತ್ತದೆ. ಅದು ಓರೆಯಾಗಿ ಕೂತಿದ್ದರೂ ಸಾಕು, ಉರಿ ಒಂದು ಕಡೆಗೆ ವಾಲುತ್ತದೆ. ಸದ್ದಿಲ್ಲದೆ ಉರಿಯುವ ಜಾತಿಯಲ್ಲಿ ಸಣ್ಣ ಸಣ್ಣ ತೂತುಗಳ ಟೋಪಿ ಇರುತ್ತದೆ, ಒಳಗಿನ ಟೋಪಿ, ಹೊರಗಿನ ಟೋಪಿ ಎರಡೂ ಇರಬೇಕು. ಕೈಯಿಂದ ಕೈಗೆ ಬಂದ ಸ್ಟೌಗಳಲ್ಲಿ ಒಳಗಿನದು ಕಳೆದುಹೋಗಿರುವುದು ಮಾಮೂಲಿ.

ಇವು ಸರಿಯಿದ್ದರೆ ನಿಪ್ಪಲ್ಲಿನ ತೂತು ದೊಡ್ಡದಾಗಿದೆ. ವರ್ಷಗಟ್ಟಲೆ ಪಿನ್ ಆಡಿಸಿ ಸವೆದಿರುತ್ತದೆ. ಇದಕ್ಕೆ ರಿಪೇರಿ ಇಲ್ಲ, ಅದೇ ಅಳತೆಯ ಹೊಸ ನಿಪ್ಪಲ್ ಹಾಕಬೇಕು. ಬಿಚ್ಚಲು ನಿಪ್ಪಲ್ ಕೀಲಿ ಬೇಕು.

## ಉರಿ ಏರಿಳಿಯುತ್ತದೆ, ಚಟಪಟ ಅನ್ನುತ್ತದೆ

ಚಟಪಟ ಸದ್ದು ಅಂದರೆ ಎಣ್ಣೆಯಲ್ಲಿ ನೀರು. ನೀರು ತಳದಲ್ಲಿ ಕೂರುತ್ತದೆ, ಎಣ್ಣೆ ಎಳೆಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ಟ್ಯಾಂಕ್ ಖಾಲಿ ಮಾಡಿ, ಚೂರು ಹೊಸ ಎಣ್ಣೆ ಹಾಕಿ ಕುಲುಕಿ ಚೆಲ್ಲಿ, ಆಮೇಲೆ ತುಂಬಿ. ಕಬ್ಬಿಣದ ಟ್ಯಾಂಕ್ ಆಗಿದ್ದರೆ ಒಳಗೆ ತುಕ್ಕು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ.

ಸದ್ದಿಲ್ಲದೆ ಬರೀ ಏರಿಳಿತ ಇದ್ದರೆ ಎಣ್ಣೆ ಮುಗಿಯುತ್ತಾ ಬಂದಿರಬಹುದು, ಒತ್ತಡ ಕಡಿಮೆಯಾಗಿರಬಹುದು, ಅಥವಾ ಬರ್ನರಿನ ಕರಿ. ಉರಿ ಬರ್ನರ್ ಬಿಟ್ಟು ಮೇಲೆ ಹಾರುತ್ತಿದ್ದರೆ ಮಾತ್ರ ಗಾಳಿ ಜಾಸ್ತಿಯಾಗಿದೆ, ಸ್ಕ್ರೂವಿನಿಂದ ಸ್ವಲ್ಪ ಬಿಡಿ.

## ಬರ್ನರಿನ ಬುಡದಲ್ಲಿ ಉರಿ ಕಾಣುತ್ತದೆ, ಟ್ಯಾಂಕ್ ಬಿಸಿಯಾಗುತ್ತಿದೆ

ಇಲ್ಲಿ ಯೋಚನೆ ಮಾಡುತ್ತಾ ನಿಲ್ಲಬೇಡಿ. ಗಾಳಿ ಸ್ಕ್ರೂ ಬಿಡಿ, ಆರಿಸಿ.

ಬರ್ನರ್ ಮತ್ತು ಕೊಳವೆ ಸೇರುವ ಜಾಗದ ಸೀಸದ ವಾಷರಿನಿಂದ ಎಣ್ಣೆ ಸೋರಿ, ಅಲ್ಲೇ ಹತ್ತಿಕೊಂಡಿದೆ. ಆ ಉರಿ ನೇರವಾಗಿ ಟ್ಯಾಂಕಿನ ತಲೆಯನ್ನು ಕಾಯಿಸುತ್ತದೆ. ಟ್ಯಾಂಕ್ ಕಾದಷ್ಟೂ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಸೋರುವುದು ಜಾಸ್ತಿ. ಟ್ಯಾಂಕನ್ನು ಕೈಯಲ್ಲಿ ಮುಟ್ಟಲು ಆಗಬೇಕು. ಮುಟ್ಟಲಾಗದಷ್ಟು ಬಿಸಿ ಅಂದರೆ ಏನೋ ಎಡವಟ್ಟಾಗಿದೆ.

ತಣ್ಣಗಾದ ಮೇಲೆ ಬರ್ನರ್ ತೆಗೆದು ಹೊಸ ಸೀಸದ ವಾಷರ್ ಹಾಕಿ. ಹಳೆಯದನ್ನೇ ಮತ್ತೆ ಬಿಗಿದರೆ ನಿಲ್ಲುವುದಿಲ್ಲ, ಸೀಸ ಒಮ್ಮೆ ಒತ್ತಿಕೊಂಡ ಆಕಾರದಲ್ಲೇ ಉಳಿಯುತ್ತದೆ. ಬಿಗಿಯುವಾಗ ಕೆಳಗಿನ ಕೊಳವೆಯನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದಿರಿ, ಇಲ್ಲದಿದ್ದರೆ ಟ್ಯಾಂಕಿನ ಬೆಸುಗೆಯೇ ತಿರುಚಿಕೊಳ್ಳುತ್ತದೆ. ಸೀಸ ಮುಟ್ಟಿದ ಕೈ ತೊಳೆದುಕೊಳ್ಳಿ.

ಬುಡದಲ್ಲಿ ಉರಿ ಇಲ್ಲದೆಯೂ ಟ್ಯಾಂಕ್ ಕಾಯುತ್ತಿದ್ದರೆ ಮೇಲಿಟ್ಟ ಪಾತ್ರೆ ನೋಡಿ. ಸ್ಟೌವಿಗಿಂತ ತುಂಬಾ ಅಗಲದ ಪಾತ್ರೆ ಇಟ್ಟರೆ ಬಿಸಿ ಕೆಳಕ್ಕೆ ಮರಳುತ್ತದೆ. ಸುತ್ತಲೂ ತಗಡಿನ ಮರೆ ಕಟ್ಟಿದರೂ ಹೀಗೇ ಆಗುತ್ತದೆ.

## ಕಣ್ಣುರಿ, ತಲೆನೋವು

ಆರಿಸಿದಾಗ ಸ್ವಲ್ಪ ಎಣ್ಣೆ ವಾಸನೆ ಬರುವುದು ಸಹಜ. ಉರಿಯುತ್ತಿರುವಾಗಲೇ ಕಣ್ಣು ಉರಿದರೆ ಎಣ್ಣೆ ಪೂರ್ತಿ ಉರಿಯುತ್ತಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಅದು ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಕ್ಷಣ ಎಲ್ಲರೂ ಹೊರಗೆ ಬನ್ನಿ, ವೈದ್ಯರನ್ನು ಕಾಣಿ. ಸ್ಟೌ ಪರೀಕ್ಷೆ ಆಮೇಲೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ, ನೀಲಿ ಉರಿ ಇದ್ದರೂ, ಪಂಪ್ ಸ್ಟೌ ಹಚ್ಚಬಾರದು.

## ಟ್ಯಾಂಕ್ ಉಬ್ಬಿದೆ, ಸಣ್ಣ ಬಿರುಕು ಕಾಣುತ್ತದೆ

ಸ್ಟೌವನ್ನು ಸಮತಟ್ಟಾದ ನೆಲದ ಮೇಲಿಟ್ಟು ನೋಡಿ. ತಳ ಹೊರಕ್ಕೆ ಉಬ್ಬಿ ಸ್ಟೌ ಅಲ್ಲಾಡುತ್ತಿದ್ದರೆ ಅದು ಹಿಂದೆ ಯಾವಾಗಲೋ ಮಿತಿಮೀರಿದ ಒತ್ತಡ ತಿಂದಿದೆ. ಅಂಥದ್ದನ್ನು ಶೋಕೇಸಿನಲ್ಲಿ ಇಡಿ, ಹಚ್ಚಬೇಡಿ. ಕೂದಲೆಳೆಯಂಥ ಬಿರುಕು ಇದ್ದರೂ ಅಷ್ಟೇ.

ಈ ಬಿರುಕು ಎಷ್ಟೋ ಸಲ ಪಾಲಿಶಿನಿಂದಲೇ ಬರುತ್ತದೆ ಅಂದರೆ ನಂಬುತ್ತೀರಾ? ಬಗ್ಗಿಸಿ, ಒತ್ತಿ ಆಕಾರ ಕೊಟ್ಟ ಹಿತ್ತಾಳೆಗೆ ಅಮೋನಿಯಾ ತಾಗಿದರೆ ತಾನಾಗಿ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದಲ್ಲಿ ಮಳೆಗಾಲಕ್ಕೆ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ಸುಮ್ಮಸುಮ್ಮನೆ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ ಇದಕ್ಕೆ ಕಾರಣ ಅಂತ ವಿವರಣೆ ಸಿಕ್ಕಿದ್ದು 1921ರಲ್ಲಿ. ಹಾಗಾಗಿ ಪಾಲಿಶ್ ಡಬ್ಬಿಯ ಮೇಲೆ ಅಮೋನಿಯಾ ಅಂತ ಇದ್ದರೆ ಟ್ಯಾಂಕಿಗೆ ಹಚ್ಚಬೇಡಿ. ಸಿಟ್ರಿಕ್ ಹುಳಿಯಲ್ಲಿ ಗಂಟೆಗಟ್ಟಲೆ ನೆನೆಸಿಡುವುದೂ ಒಳ್ಳೆಯದಲ್ಲ, ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನನ್ನ ಕೇಳಿದರೆ, ಬಿಸಿನೀರು, ಸೋಪು, ಮೆತ್ತನೆ ಬಟ್ಟೆ ಸಾಕು. ಹಳೆ ಹಿತ್ತಾಳೆಯ ಆ ಮಂಕು ಕಂದು ಬಣ್ಣವೇ ಚಂದ ಅಲ್ವಾ? ಜೋರಾಗಿ ಉಜ್ಜಿದರೆ ಕಂಪನಿಯ ಮುದ್ರೆಯೂ ಸವೆಯುತ್ತದೆ. ಪ್ರೈಮಸ್‌ನವರು 1911ರಿಂದ ಸ್ಟೌ ಮಾಡಿದ ವರ್ಷಕ್ಕೆ ಒಂದೊಂದು ಅಕ್ಷರ ಒತ್ತುತ್ತಿದ್ದರು. ಅದು ಅಳಿಸಿಹೋದರೆ ನಿಮ್ಮ ಸ್ಟೌ ಯಾವ ಕಾಲದ್ದು ಅಂತ ಹೇಳುವುದು ಕಷ್ಟ.

ಮತ್ತೆ ಎತ್ತಿಡುವುದಾದರೆ ಎಣ್ಣೆ ಪೂರ್ತಿ ತೆಗೆದು, ಗಾಳಿ ಸ್ಕ್ರೂ ಸಡಿಲ ಬಿಟ್ಟು, ಪಂಪಿನ ಚರ್ಮಕ್ಕೆ ಎರಡು ಹನಿ ಎಣ್ಣೆ ಹಾಕಿ ಇಡಿ. ಪಿನ್ ಮತ್ತು ಉಳಿದ ವಾಷರುಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಸ್ಟೌವಿನ ಕಾಲಿಗೇ ಸಿಕ್ಕಿಸಿ.